ಕೆಂಪು ಬಾಗಿಲಿನ ಕಡೆಯ ಹಾಡು

ಸಿದ್ದಲಿಂಗೇಶನಿಗೆ ಅರವತ್ತು ತುಂಬಿದ್ದಕ್ಕೆ ಮಗಳು ಸ್ನೇಹಾ ಧಾರವಾಡದಿಂದ ಒಂದು ಸಿ.ಡಿ. ತಂದಳು. ಒಂದು ಛಲೋ ಶಾಲು ತಾ ಎಂದು ತಾಯಿ ಕಾವೇರಿ ಫೋನಿನಲ್ಲಿ ಹೇಳಿಯೇ ಹೇಳಿದ್ದಳು. ಆದರೆ ಕಾಲೇಜಿನಲ್ಲಿ ಪಾಠ ಹೇಳುವವರು ಇನ್ನೊಬ್ಬರು ಹೇಳಿದ್ದನ್ನು ಎಲ್ಲಿ ಕೇಳುತ್ತಾರೆ?

ಊಟಕ್ಕೆ ಕೂತಾಗ ಅವಳು ಅದನ್ನು ತಾಟಿನ ಪಕ್ಕ ಇಟ್ಟಳು. ಸಿದ್ದಲಿಂಗೇಶ ಹೋಳಿಗೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಕವರಿನ ಮೇಲೆ ಬಿಳಿ ಹಿಮದ ಬಯಲು. ಬಯಲಿನ ನಡುವೆ ಗೋಡೆಯಿಲ್ಲ, ಮನೆಯಿಲ್ಲ, ಬರೀ ಒಂದು ಕೆಂಪು ಬಾಗಿಲು.

"ಅವ್ವ ಹೇಳಿದ್ಳಪ್ಪಾ, ಲಗ್ನಕ್ಕ ಮುಂಚೆ ನಿನಗ ಈ ಹಾಡಿನ ಹುಚ್ಚು ಭಾಳ ಇತ್ತಂತ. ಹುಡುಕಿ ಹುಡುಕಿ ತರಿಸೀನಿ. ರಿಮಾಸ್ಟರ್ ಮಾಡಿದ್ದು ಇದು."

"ಹಂಗಂದ್ರ?" ಎಂದಳು ಕಾವೇರಿ.

"ಹಳೇ ಮೂಲ ಟೇಪ್ ಹೊರಗ ತಗದು, ಅದರ ಕಿಲುಬೆಲ್ಲಾ ತಿಕ್ಕಿ ತೊಳೀತಾರವ್ವಾ. ನೀ ಹುಣಸಿಹಣ್ಣು ಹಚ್ಚಿ ತಾಂಬ್ರದ ತಂಬಿಗಿ ಬೆಳಗತಿಯಲ್ಲ, ಹಂಗ. ಮೊದಲ ಕೇಳದ ಸಪ್ಪಳ ಎಲ್ಲಾ ಈಗ ಕೇಳತಾವ."

"ನಮ್ಮ ನಿಶ್ಚಯದ ದಿವಸ ಹಚ್ಚಿದ್ರಲ್ಲ, ಧಡ್ ಧಡ್ ಅಂತ, ಅದ ಹೌದಲ್ರಿ ಇದು?" ಎಂದು ಕಾವೇರಿ ನಕ್ಕಳು.

ಸಿದ್ದಲಿಂಗೇಶ ನಗಲಿಲ್ಲ. ಆಮೇಲೆ ಕೇಳೋಣ ಎಂದು ತಾಟಿನತ್ತ ಬಗ್ಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಹಿಂದೊಮ್ಮೆ ಸ್ನೇಹಾ ಇದೇ ಹಾಡನ್ನು ಫೋನಿನಲ್ಲಿ ಹುಡುಕಿ ಕೊಡುತ್ತೇನೆ ಅಂದಾಗ, ಆ ವಯಸ್ಸಿನ ಹುಚ್ಚು ಆ ವಯಸ್ಸಿಗೇ ಸಾಕು ಎಂದು ದೊಡ್ಡ ವೇದಾಂತಿಯ ಹಾಗೆ ಕೈ ಆಡಿಸಿದ್ದ. ವೇದಾಂತವೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಹೆದರಿಕೆ ಇತ್ತು. ಆ ಹಾಡಿನ ಕೊನೆಯಲ್ಲಿ ಏನಿದೆ ಎಂದು ತಿಳಿದುಬಿಟ್ಟರೆ ಹೇಗೆ ಎಂಬ ಹೆದರಿಕೆ.

ಅದು ಶಫೀಕನ ಕಾಲದ ಮಾತು.

ಬೆಟಗೇರಿಯಲ್ಲಿ ನೇಕಾರರ ಓಣಿಗೆ ತಿರುಗುವ ಮೂಲೆಯಲ್ಲಿ ಶಫೀಕನದೊಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ಟನ್ನೂ ಬೇಕಾದ ಹಾಡುಗಳ ಹೆಸರನ್ನೂ ಕೊಟ್ಟು ಹೋದರೆ ನಾಲ್ಕು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದ. ಭಜನೆ, ನಾಟಕದ ಹಾಡು, ಸಿನಿಮಾ ಹಾಡು, ಯಾರಿಗೆ ಯಾವುದು ಬೇಕೋ ಅದು. ಸಿದ್ದಲಿಂಗೇಶನ ಮನೆಯವರದು ಗದಗಿನ ಮಾರುಕಟ್ಟೆಯಲ್ಲಿ ಶೇಂಗಾ, ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿ. ಅಪ್ಪ ಅಲ್ಲಿ ಕೂಡಿಸಿದರೆ ಇವನು ಇಲ್ಲಿ ಬಂದು ಕೂಡುತ್ತಿದ್ದ. ಇಬ್ಬರಿಗೂ ಮೀಸೆ ಚಿಗುರಿದ್ದು, ಸೈಕಲ್ ಕಲಿತದ್ದು, ಬೀಡಿ ಸೇದಿ ಕೆಮ್ಮಿದ್ದು ಎಲ್ಲ ಒಟ್ಟಿಗೇ. ಒಂದೇ ಗಾದಿಯ ಮೇಲೆ ಕೂತು, ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಹಾಡಿಗೆ ತಲೆ ಕುಣಿಸುವ ಹುಚ್ಚೂ ಒಟ್ಟಿಗೇ ಹತ್ತಿತು.

ಕೆಂಪು ಬಾಗಿಲಿನ ರೆಕಾರ್ಡನ್ನು ಶಫೀಕ ತಂದದ್ದು ಹುಬ್ಬಳ್ಳಿಯಿಂದ. ಅಲ್ಲಿ ರೇಲ್ವೆಯಲ್ಲಿ ಗಾರ್ಡ್ ಆಗಿದ್ದ ಹಿರಿಯರೊಬ್ಬರ ಮನೆಯಲ್ಲಿ ಅಂಥ ರೆಕಾರ್ಡುಗಳ ರಾಶಿಯೇ ಇತ್ತಂತೆ. ನಾಳೆ ಬೆಳಿಗ್ಗೆ ವಾಪಸ್ ಮುಟ್ಟಿಸಬೇಕು ಎಂಬ ಕರಾರಿನ ಮೇಲೆ ಕೊಟ್ಟಿದ್ದರು. ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಇಬ್ಬರೂ ಕೇಳಿದರು. ಡ್ರಮ್ಮಿನ ಪೆಟ್ಟು ಓಣಿಯ ಮಗ್ಗಗಳ ಸಪ್ಪಳದ ಜೊತೆ ಸೇರಿಕೊಂಡು, ಯಾವುದು ಒಳಗಿನದು ಯಾವುದು ಹೊರಗಿನದು ತಿಳಿಯದ ಹಾಗಾಗಿತ್ತು. ರೆಕಾರ್ಡಿನ ಮೊದಲ ಮಗ್ಗುಲು ಮುಗಿಯುವಷ್ಟರಲ್ಲಿ ಅಪ್ಪನ ಆಳು ಬಂದು ಸಿದ್ದಲಿಂಗೇಶನನ್ನು ಕರೆದುಕೊಂಡು ಹೋದ. ಮರುದಿನ ಅವನ ನಿಶ್ಚಯ ಇತ್ತು, ಮುಂಡರಗಿಯಿಂದ ಬೀಗರು ಬರುವವರಿದ್ದರು.

"ಎರಡನೇ ಮಗ್ಗಲಾ ನಾ ತುಂಬಿಸಿ ಇಟ್ಟಿರ್ತೀನಿ," ಎಂದು, ಹುಬ್ಬಳ್ಳಿಯಲ್ಲೇ ಪೂರ್ತಿ ಕೇಳಿ ಬಂದಿದ್ದ ಶಫೀಕ ಕೂಗಿ ಹೇಳಿದ್ದ. "ಕಡೀ ಹಾಡು ಕೇಳಲೇ ಸಿದ್ದ್ಯಾ, ಜೀವಾ ಝಲ್ ಅಂತೈತಿ!"

ಮರುದಿನ ಬೆಳಿಗ್ಗೆ ಕ್ಯಾಸೆಟ್ ಕೈಗೆ ಬಂತು. ಸಿದ್ದಲಿಂಗೇಶ ಅದನ್ನು ಮೊದಲು ತಾನೊಬ್ಬನೇ ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನಿಗೆ ಬೀಗರ ಮುಂದೆ ಮೆರೆಯಬೇಕಿತ್ತು. ನಿಶ್ಚಯ ಮುಗಿದು ಎಲೆ ಅಡಿಕೆ ಹಾಕಿಕೊಂಡು ಜನ ಪಡಸಾಲೆಯಲ್ಲಿ ಕೂತಾಗ, ಕಾವೇರಿಯ ಅಣ್ಣಂದಿರ ನಡುವೆ ಟೇಪ್ ರೆಕಾರ್ಡರ್ ಇಟ್ಟು ಕಡೆಯ ಹಾಡನ್ನೇ ಹಚ್ಚಿದ. ಹಾಡು ಏರಿತು, ಏರುತ್ತಲೇ ಹೋಯಿತು. ಹಿರಿಯರು ಸಹ ಎಲೆ ಜಗಿಯುವುದನ್ನು ಬಿಟ್ಟು ನೋಡತೊಡಗಿದರು. ಇನ್ನೇನು ಆಕಾಶ ಮುಟ್ಟಿತು ಅನ್ನುವಾಗ, ಹಾಡುವವನು ಒಂದು ಮಾತನ್ನು ಅರ್ಧ ಬಾಯಲ್ಲಿ ಇಟ್ಟುಕೊಂಡಿದ್ದಾಗಲೇ, ಎಲ್ಲ ನಿಂತುಬಿಟ್ಟಿತು. ಆಮೇಲೆ ಟೇಪಿನ ಬರೀ ಸುಸ್ಸೆಂಬ ಸದ್ದು.

ನಮ್ಮ ಕಡೆ ಹಾಡು ಎಂದರೆ ಅದಕ್ಕೊಂದು ಮಂಗಳ ಇರಬೇಕು. ಭಜನೆಗೆ ಮಂಗಳ, ನಾಟಕಕ್ಕೆ ಮಂಗಳ, ರಾತ್ರಿಯಿಡೀ ಹಾಡುವ ಗವಾಯಿಗಳಿಗೆ ಬೆಳಗಿನ ಭೈರವಿ. ಮಂಗಳ ಹಾಡದೆ ಎದ್ದು ಹೋದವನನ್ನು ಜನ ಮುಂದಿನ ವರ್ಷ ಕರೆಯುವುದಿಲ್ಲ. ಹಾಡು ಕಟ್ಟಿದವರೇ ಬೇಕೆಂದು ನಡುವೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದು ಆ ಪಡಸಾಲೆಯಲ್ಲಿ ಯಾರ ತಲೆಗೂ ಹೊಳೆಯುವಂಥ ಮಾತಲ್ಲ.

"ಏನ್ರಿ ಅಳಿಯಂದ್ರ, ಅರ್ಧಕ್ಕ ಗಪ್ ಆತಲ್ಲ!" ಎಂದ ಹಿರಿಯ ಭಾವ. ಕಿರಿಯವನು ಅದನ್ನು ಇನ್ನೂ ಚೆನ್ನಾಗಿ ತಿದ್ದಿದ. "ಅರ್ಧ ಅಳಿಯ ಸಿಕ್ಕಾನಲ್ಲೋ ನಮಗ!" ಪಡಸಾಲೆ ಪೂರ್ತಿ ನಕ್ಕಿತು. ಒಳಗೆ ಹೆಂಗಸರೂ ನಕ್ಕರು. ಆ ನಗೆಯಲ್ಲಿ ಕಾವೇರಿಯ ದನಿ ಇತ್ತೋ ಇಲ್ಲವೋ, ಸಿದ್ದಲಿಂಗೇಶ ಅವಳನ್ನು ಇದುವರೆಗೂ ಕೇಳಿಲ್ಲ.

ಮರುದಿನ ಅವನು ಕ್ಯಾಸೆಟ್ ಹಿಡಿದು ಬೆಟಗೇರಿಗೆ ಹೋದ. ಶಫೀಕನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಹೊಂಬಳದ ಭಜನಾ ಮಂಡಳಿಯವರಿದ್ದರು, ಎದುರಿನ ಕಾಗದದ ಅಂಗಡಿಯ ಅಂದಾನಪ್ಪ ಇದ್ದ. ಎಲ್ಲರೆದುರು ಕ್ಯಾಸೆಟ್ಟನ್ನು ಕಟ್ಟೆಯ ಮೇಲೆ ಒಗೆದ.

"ಟೇಪ್ ಉಳಸಾಕ ಹಾಡು ಕತ್ತರಸ್ತೀ ಏನಲೇ?"

ಶಫೀಕ ಮೊದಲು ನಕ್ಕ. ತಮಾಷೆ ಅಂದುಕೊಂಡ. "ಕತ್ತರಸಿಲ್ಲೋ ಮಾರಾಯಾ, ರೆಕಾರ್ಡ್‌ನ್ಯಾಗ ಹಂಗ ಐತಿ. ಬೇಕಂತ ನಿಲ್ಲಿಸ್ಯಾರ ಅವರು. ನಿಂತ ಮ್ಯಾಲೆ ಒಬ್ಬಾಂವ ಸಣ್ಣಗ ನಗತಾನ, ಕಿವಿಗೊಟ್ಟು ಕೇಳು, ಗೊತ್ತಾಕ್ಕೈತಿ."

"ನಗಾವ ನೀನಲೇ! ನನ್ನ ಮಾನಾ ಕಳದು ನಗಾಕ ಹತ್ತೀ."

"ಆಣಿಗೂ ಇಲ್ಲೋ. ಇವತ್ತು ಹುಬ್ಬಳ್ಳಿಗೆ ಹೋಗೂಣ ಬಾ. ಅವರ ಮನ್ಯಾಗ ಕುಂತು ರೆಕಾರ್ಡ್ ಕೇಳೂಣ. ನಂದು ಸುಳ್ಳಾದ್ರ ಅಲ್ಲೇ ಚಪ್ಪಲಿ ತಗೊಂಡು ಹೊಡಿ."

ಹೋಗಬಹುದಿತ್ತು. ಬಸ್ಸು ಬೇಕಾದಷ್ಟಿದ್ದವು. ಆದರೆ ಹೋಗಿ, ಶಫೀಕನದು ಖರೆಯಾದರೆ? ಆಗ ಪಡಸಾಲೆಯ ನಗೆ ಪೂರ್ತಿ ತನ್ನ ಪಾಲಿಗೇ ಉಳಿಯುತ್ತದೆ. ಹಾಗಂತ ಅವನು ಅಷ್ಟು ಬಿಡಿಸಿ ಯೋಚಿಸಲಿಲ್ಲ, ಆದರೆ ಒಳಗೊಳಗೆ ತಿಳಿದಿತ್ತು. ಅದಕ್ಕೇ ಜೋರಾಗಿ ಕೂಗಿದ. "ಅರ್ಧ ಹಾಡು ಕೊಡಾವ ನೀ ಅರ್ಧ ಶಫೀಕ! ನಿನ್ನ ಮಾತ ಯಾರು ನಂಬತಾರ?"

ನಿನ್ನೆ ತನ್ನ ಹೆಗಲಿಗೆ ಬಿದ್ದ ಹೆಸರನ್ನು ಇವತ್ತು ಗೆಳೆಯನ ಹೆಗಲಿಗೆ ದಾಟಿಸಿ, ಕೈ ಝಾಡಿಸಿಕೊಂಡು ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಜನಾ ಮಂಡಳಿಯವರು ಆ ಹೆಸರನ್ನು ಹೊಂಬಳಕ್ಕೆ ಒಯ್ದರು, ಅಂದಾನಪ್ಪ ಬೆಟಗೇರಿಗೆಲ್ಲ ಹಂಚಿದ. ಗಿರಾಕಿಗಳು ಕ್ಯಾಸೆಟ್ ತೆಗೆದುಕೊಳ್ಳುವಾಗ, ಪೂರ್ತಿ ತುಂಬಿಸೀಯಿಲ್ಲೋ ಅರ್ಧ ಶಫೀಕ ಎಂದು ಕೇಳತೊಡಗಿದರು. ಮೊದಲು ನಗೆಗೆ ಕೇಳಿದರು, ಆಮೇಲೆ ಅನುಮಾನದಿಂದ ಕೇಳಿದರು, ಆಮೇಲೆ ಬೇರೆ ಅಂಗಡಿಗೆ ಹೋದರು. ಶಫೀಕ ಲಗ್ನವಾದ ಮೇಲೆ ಬಾಗಿಲು ಹಾಕಿ ಹೆಂಡತಿಯ ತವರು ಶಿರಹಟ್ಟಿಗೆ ಹೋದ ಸುದ್ದಿಯನ್ನು ಅಂದಾನಪ್ಪನೇ ಹೇಳಿದ. ಹೇಗೂ ಕ್ಯಾಸೆಟ್ ಧಂಧೆ ಮುಳುಗುವುದೇ ಇತ್ತು ಎಂದು ಸಿದ್ದಲಿಂಗೇಶ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಇಷ್ಟು ವರ್ಷ ಬಾಳಿಕೆ ಬಂತು, ಅದು ಬೇರೆ ಮಾತು. ಅಡತಿಯ ಕೆಲಸಕ್ಕೆ ಲಕ್ಷ್ಮೇಶ್ವರಕ್ಕೆ ಹೋಗುವಾಗ ಎಷ್ಟೋ ಸಲ ಬಸ್ಸು ಶಿರಹಟ್ಟಿಯಲ್ಲಿ ನಿಂತಿದೆ. ಆಗೆಲ್ಲ ಅವನಿಗೆ ತಪ್ಪದೆ ನಿದ್ದೆ ಬಂದಿದೆ.

ಸ್ನೇಹಾ ಬಿಡಲಿಲ್ಲ. ಸಂಜೆ ಹಳೆಯ ಪ್ಲೇಯರಿನ ಧೂಳು ಒರೆಸಿ, ಅಪ್ಪನನ್ನು ಕುರ್ಚಿಯಲ್ಲಿ ಕೂಡಿಸಿ ತಾನೇ ಹಚ್ಚಿದಳು. ಮೊದಲ ಮಗ್ಗುಲಿನ ಹಾಡುಗಳು ಬಂದವು. ಎಷ್ಟು ತಿಳಿಯಾಗಿ ಕೇಳಿಸುತ್ತಿದ್ದವೆಂದರೆ ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದೂ ಹಾಡುವವನು ಉಸಿರು ಎಳೆದುಕೊಳ್ಳುವುದೂ ಗೊತ್ತಾಗುತ್ತಿತ್ತು. ಅವನ ಕಾಲು ತಾನಾಗಿ ತಾಳ ಹಾಕಿತು. ಬೆಟಗೇರಿಯ ಮಗ್ಗದ ಸಪ್ಪಳವೊಂದು ಇದರಲ್ಲಿ ಇಲ್ಲವಲ್ಲ ಅನ್ನಿಸಿತು. ಇಂಥ ಸುಖವನ್ನು ಇಷ್ಟು ವರ್ಷ ಯಾಕೆ ಬಿಟ್ಟಿದ್ದೆ ಎಂದುಕೊಳ್ಳುವಷ್ಟರಲ್ಲಿ ಕಡೆಯ ಹಾಡು ಬಂತು.

ಅದು ಏರಿತು. ಹಿಂದಿನ ಹಾಗೆಯೇ ಏರಿತು. ಅವನು ಕುರ್ಚಿಯ ತೋಳು ಹಿಡಿದ. ಮುಂದೆ ಹೋಗು, ಮುಂದೆ ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹಾಡು ಮುಂದೆ ಹೋದರೆ ಶಫೀಕ ಕತ್ತರಿಸಿದ್ದು ಖರೆಯಾಗುತ್ತದೆ. ತಾನು ಅಂದದ್ದೂ ಖರೆಯಾಗುತ್ತದೆ.

ಹಾಡು ನಿಂತಿತು. ಅದೇ ಮಾತು, ಅದೇ ಅರ್ಧ ಬಾಯಿ.

ಹಿಂದೆ ಟೇಪಿನ ಸುಸ್ಸೆಂಬ ಸದ್ದು ಇದ್ದಲ್ಲಿ ಈಗ ಏನೂ ಇರಲಿಲ್ಲ. ತೊಳೆದು ಒರೆಸಿದ ಮೌನ. ಆ ಮೌನದೊಳಗೆ, ದೂರದಲ್ಲಿ ಎಲ್ಲೋ ನಿಂತ ಒಬ್ಬ ಮನುಷ್ಯ ಸಣ್ಣಗೆ ನಕ್ಕ.

"ಯಾರೋ ನಕ್ಕರಲ್ಲಪ್ಪಾ!" ಎಂದಳು ಸ್ನೇಹಾ ಖುಷಿಯಿಂದ. "ಬೇಕಂತ ನಿಲ್ಲಿಸಿ ನಗಾಕ ಹತ್ಯಾರ. ಭಾರೀ ಮಜಾ ಐತಿ, ಹೌದಿಲ್ಲೋ?"

ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಮಗಳು ಗಾಬರಿಯಾಗಿ ತಾಯಿಯನ್ನು ಕರೆದಳು. ಕಾವೇರಿ ಬಂದು, ಹೋಳಿಗೆ ಜಾಸ್ತಿ ಆತೇನ್ರಿ ಎಂದು ಕೇಳಿದಳು.

ಮರುದಿನ ಅವನು ಸಿ.ಡಿ.ಯನ್ನು ಕೈಚೀಲದಲ್ಲಿಟ್ಟುಕೊಂಡು ಶಿರಹಟ್ಟಿಯ ಬಸ್ಸು ಹತ್ತಿದ. ಈ ಸಲ ನಿದ್ದೆ ಬರಲಿಲ್ಲ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಒಂದು ಮಾತಂತೂ ಗಟ್ಟಿ ಇತ್ತು. ಆ ಹಾಳು ಹೆಸರನ್ನು ತಾನೇ ಇಟ್ಟದ್ದು, ತಾನೇ ಅಳಿಸಬೇಕು.

ಇಳಿದವನು ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಕೇಳಿದ. "ಶಫೀಕ ಅನ್ನಾವರ ಮನಿ ಎಲ್ಲೈತ್ರಿ?"

"ಯಾವ ಶಫೀಕ್ರಿ? ಗೌಂಡಿ ಕೆಲಸದಾವರೋ, ಬಾಳಿಹಣ್ಣಿನಾವರೋ?"

"ಅಲ್ರಿ. ಮೊದಲ ಬೆಟಗೇರ್ಯಾಗ ಕ್ಯಾಸೆಟ್ ಅಂಗಡಿ ಇಟ್ಟಿದ್ರು."

ಚಹಾದವನಿಗೆ ಕ್ಯಾಸೆಟ್ ಎಂದರೇನೆಂದು ಗೊತ್ತಿದ್ದರೆ ಅದೇ ಹೆಚ್ಚು, ಅಂಥ ವಯಸ್ಸು. ತಲೆ ಅಲ್ಲಾಡಿಸಿದ. ಬೆಂಚಿನ ಮೇಲಿದ್ದ ಇಬ್ಬರೂ ತಲೆ ಅಲ್ಲಾಡಿಸಿದರು. ಗದಗಿನಿಂದ ಬಂದವರು, ಎತ್ತರ, ನನ್ನಷ್ಟೇ ವಯಸ್ಸು ಎಂದು ಏನೇನೋ ಗುರುತು ಹೇಳಿ ನೋಡಿದ. ಆಗಲಿಲ್ಲ. ಹಿಂದಿರುಗಿ ಹೋಗಬೇಕು, ಇಲ್ಲ ಆ ಹೆಸರನ್ನೇ ಅನ್ನಬೇಕು. ಕೊನೆಗೆ ನೆಲ ನೋಡುತ್ತಾ ಅಂದ.

"ಅರ್ಧ ಶಫೀಕ."

"ಓ, ಅರ್ಧ ಶಫೀಕಜ್ಜಾರ! ಹಂಗನ್ರಿ ಮತ್ತ! ಮೈಕ್ ಸೆಟ್‌ನಾವರು. ಇಲ್ಲೇ ಮಠದ ಹಾದಿ ಹಿಡದು ಹೋಗ್ರಿ, ಎಡಕ್ಕ ನೀಲಿ ಬಾಗಲಾ."

"ಯಾಕ ಹಂಗ ಕರೀತೀರಿ ಅವರನ್ನ?"

"ಗೊತ್ತಿಲ್ರಿ. ನಾ ಹುಟ್ಟಿದಾಗಿಂದ ಹಂಗ ಐತಿ. ಅವರ ಕಿವಿ ಸರಿಯಾಗಿ ಕೇಳಂಗಿಲ್ಲಲ್ರಿ, ಅದಕ್ಕಿರಬೇಕು."

ನೀಲಿ ಬಾಗಿಲಿನ ಮುಂದಿನ ಖೋಲಿಯಲ್ಲಿ ಲೌಡ್ ಸ್ಪೀಕರುಗಳು, ಸುತ್ತಿಟ್ಟ ವಾಯರುಗಳು, ಮದುವೆಗೆ ಬಾಡಿಗೆ ಕೊಡುವ ದೊಡ್ಡ ಸ್ಪೀಕರ್ ಡಬ್ಬಿಗಳು ತುಂಬಿದ್ದವು. ಶಫೀಕನ ಹೆಂಡತಿ ಮೆಹನಾಜ ಹೊರಗೆ ಬಂದು ಕುರ್ಚಿ ಕೊಟ್ಟಳು. ಶಫೀಕ ನಮಾಜಿಗೆ ಹೋಗಿದ್ದ, ಇನ್ನೇನು ಬರುವವನಿದ್ದ. ಗದಗಿನವರು, ಹಳೆಯ ಗುರುತಿನವರು ಎಂದು ಕೇಳಿ ಅವಳಿಗೆ ಖುಷಿಯಾಯಿತು. ಚಹಾ ತಂದಿಟ್ಟು ಬಾಗಿಲ ಹತ್ತಿರ ಕೂತಳು.

"ಒಂದು ಮಾತ ಕೇಳ್ಲೇನ್ರಿ? ನೀವು ಅಲ್ಲಿಯವರು, ಗೊತ್ತಿರಬೇಕು. ಆ ಅರ್ಧ ಅನ್ನೋ ಹೆಸರ ಇವರಿಗೆ ಯಾರು ಇಟ್ರು? ಎಷ್ಟು ಸಲ ಕೇಳೀನ್ರಿ, ಯಾರೋ ಗದಗಿನ ಮಂದಿ ಬಿಡ ಅಂತಾರ. ನಮ್ಮ ಮಗಳ ನಿಕಾಹದ ಕಾರ್ಡ್ ಹಂಚಾಕ ಹೋದಾಗೂ ಅರ್ಧ ಶಫೀಕನ ಮಗಳು ಅಂದ್ರ ಮಂದಿಗೆ ಗುರ್ತ ಹತ್ತತಿತ್ತು. ಹುಡುಗಿ ಅತ್ತಳ್ರಿ ಆವತ್ತು."

ಸಿದ್ದಲಿಂಗೇಶ ಕಪ್ಪು ಕೆಳಗಿಟ್ಟ. ಇಷ್ಟು ವರ್ಷ ಶಫೀಕ ಈ ಮನೆಯಲ್ಲಿ ತನ್ನ ಹೆಸರು ಹೇಳಿಲ್ಲ. ಹೇಳಿ ಶಪಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾನ ಇಟ್ಟಾಂವ, ಬಾಯಾರ," ಅಂದ. "ಗೆಳೆಯಾ ಇದ್ದೆ. ಅಂವಾ ತಪ್ಪ ಮಾಡಿರಲಿಲ್ಲ. ತಪ್ಪ ಎಲ್ಲಾ ನಂದ."

ಮೆಹನಾಜ ಬೈಯಬಹುದಿತ್ತು, ಬೈದರೆ ಅವನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದ.

"ಚಾ ಆರತೈತಿ, ಕುಡೀರಿ," ಅಂದಳು. ಎದ್ದು ಒಳಗೆ ಹೋಗುತ್ತಾ ಹೇಳಿದಳು, "ಅವರಿಗೂ ನೀವ ಹೇಳ್ರಿ. ಜೋರಾಗಿ ಹೇಳ್ರಿ, ಸಣ್ಣ ದನಿ ಅವರಿಗೆ ಕೇಳಂಗಿಲ್ಲ. ಆ ಡಬ್ಬಿ ಮುಂದ ಕುಂತು ಕುಂತು ಕಿವಿ ಹೋಗ್ಯಾವ."

ಶಫೀಕ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತು ನೋಡಿದ, ಗುರುತು ಹಿಡಿದ. ಆ ಕ್ಷಣಕ್ಕೆ ಅವನ ಮುಖದಲ್ಲಿ ಬೇರೆಲ್ಲಕ್ಕಿಂತ ಮೊದಲು ಬಂದದ್ದು ಸಂತೋಷ. ಅದನ್ನು ನೋಡಿ ಸಿದ್ದಲಿಂಗೇಶ ಕುರ್ಚಿ ಬಿಟ್ಟು ಎದ್ದ.

"ಸಿದ್ದ್ಯಾ! ದಪ್ಪ ಆಗೀಯಲ್ಲೋ!"

"ತಪ್ಪಾತೋ ಶಫೀಕ," ಎಂದ ಸಿದ್ದಲಿಂಗೇಶ.

"ಏನಂದಿ?" ಶಫೀಕ ಕಿವಿಗೆ ಅಂಗೈ ಹಚ್ಚಿ ಬಗ್ಗಿದ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ನಯವಾದ ಮಾತುಗಳೆಲ್ಲ ಕೆಲಸಕ್ಕೆ ಬರಲಿಲ್ಲ. ಅಂದು ಅಂಗಡಿಯಲ್ಲಿ ಎಷ್ಟು ಜೋರಾಗಿ ಕೂಗಿದ್ದನೋ ಅಷ್ಟೇ ಜೋರಾಗಿ ಕೂಗಬೇಕಾಯಿತು. "ತಪ್ಪಾತು! ಹಾಡು ನೀ ಕತ್ತರಸಿರಲಿಲ್ಲ! ರೆಕಾರ್ಡ್‌ನ್ಯಾಗ ಹಂಗ ಇತ್ತು! ನಾ ಸುಳ್ಳ ಹೆಸರ ಇಟ್ಟೆ!" ಎದುರು ಮನೆಯ ಕಟ್ಟೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅವನು ದನಿ ಇಳಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನೂ ಒರೆಸಲಿಲ್ಲ.

ಶಫೀಕ ಕೇಳಿಸಿಕೊಂಡ. ತಲೆ ಆಡಿಸಿದ. ಆಮೇಲೆ ಕೈಚೀಲದಿಂದ ಇಣುಕುತ್ತಿದ್ದ ಕೆಂಪು ಬಾಗಿಲನ್ನು ನೋಡಿ ಕೈ ಚಾಚಿದ.

"ತಂದೀಯಲ್ಲ, ಹಚ್ಚು."

ಮೂಲೆಯಲ್ಲಿದ್ದ ಹಳೆಯ ಪ್ಲೇಯರನ್ನು ಲುಂಗಿಯ ತುದಿಯಿಂದ ಒರೆಸಿ, ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸ್ಪೀಕರಿಗೆ ಜೋಡಿಸಿದ. ನೆಲದ ಮೇಲೆ ಅದಕ್ಕೆ ಒತ್ತಿ ಕೂತು ಅಂಗೈಯನ್ನು ಅದರ ಮೈಮೇಲೆ ಇಟ್ಟ. ಸಿದ್ದಲಿಂಗೇಶ ಕಡೆಯ ಹಾಡು ಹಚ್ಚಿದ. ಶಿರಹಟ್ಟಿಯ ಆ ಓಣಿ ಅಂಥ ಸಪ್ಪಳವನ್ನು ಯಾವ ಮದುವೆಯಲ್ಲೂ ಕೇಳಿರಲಿಕ್ಕಿಲ್ಲ. ಶಫೀಕ ಕಣ್ಣು ಮುಚ್ಚಿದ್ದ. ಹಾಡು ಏರಿದಂತೆ ಅವನ ತಲೆ ಹಳೆಯ ಹಾಗೆಯೇ ಕುಣಿಯತೊಡಗಿತು. ಹಾಡು ನಿಂತಿತು. ಅವನ ತಲೆಯೂ ನಿಂತಿತು.

ಕಣ್ಣು ತೆರೆಯದೆಯೇ ಕೇಳಿದ. "ಈಗ ನಗತಾನ. ನಕ್ಕನೇನು?"

"ನಕ್ಕ!" ಎಂದು ಸಿದ್ದಲಿಂಗೇಶ ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. "ನಕ್ಕನೋ ಶಫೀಕ, ಖರೇನ ನಕ್ಕ!"

"ನಂಗ ಗೊತ್ತಿತ್ತಲ್ಲೋ. ನಂದೂ ತಪ್ಪೈತಿ ಬಿಡು. ಹಾಡು ನಡುವ ನಿಲ್ಲತೈತಿ ಅಂತ ನಾ ಮೊದಲ ಹೇಳಬೇಕಿತ್ತು. ಹೇಳಿದ್ರ ನಿನಗ ಮಜಾ ಹೋಗತೈತಿ ಅಂತ ಸುಮ್ಮನಿದ್ದೆ."

"ಹಂಗನಬ್ಯಾಡೋ. ನಾಳಿಂದ ಊರಿಗೆಲ್ಲಾ ಹೇಳ್ತೀನಿ. ಆ ಹೆಸರ ಯಾರ ಬಾಯಾಗೂ ಬರದಂಗ ಮಾಡ್ತೀನಿ."

ಶಫೀಕನಿಗೆ ಇದು ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಮೋಟರ್ ಸೈಕಲ್ ಒಂದು ಬಾಗಿಲಲ್ಲಿ ನಿಂತಿತು. ಸೀಮಂತಕ್ಕೆ ಮೈಕ್ ಬೇಕಾದವನೊಬ್ಬ ಇಳಿಯದೆಯೇ ಕೂಗಿದ, "ಅರ್ಧ ಶಫೀಕಜ್ಜಾ, ಆಯತ್ವಾರ ಸೆಟ್ ಖಾಲಿ ಐತೇನ್ರಿ?" ಶಫೀಕ ತಟ್ಟನೆ ತಿರುಗಿದ. ಉಳಿದ ಯಾವ ಮಾತನ್ನೂ ಎರಡು ಸಲ ಕೇಳುವ ಆ ಕಿವಿಗೆ ಆ ಹೆಸರೊಂದು ಒಂದೇ ಸಲಕ್ಕೆ ಮುಟ್ಟುತ್ತಿತ್ತು. ಐತಿ ಐತಿ ಎಂದು ಕೈ ಎತ್ತಿ ಅವನನ್ನು ಕಳಿಸಿದ. ಸಿದ್ದಲಿಂಗೇಶ ಏಳಲು ಹೋದವನು ಹಾಗೇ ಕೂತ.

ಶಫೀಕ ಮತ್ತೆ ಸ್ಪೀಕರಿನ ಮೇಲೆ ಅಂಗೈ ಇಟ್ಟ.

"ಆವತ್ತು ಹುಬ್ಬಳ್ಳಿಗೆ ಬಾ ಅಂದಿದ್ದೆ," ಅಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. "ಬಂದಿದ್ರ ಆ ನಗಿ ಇಬ್ಬರೂ ಕೂಡಿ ಕೇಳತಿದ್ವಿ. ಈಗ ನನಗ ಕೇಳಂಗಿಲ್ಲ, ನೀ ಒಬ್ಬನ ಕೇಳಬೇಕು. ಇನ್ನೊಮ್ಮೆ ಹಚ್ಚು. ನಕ್ಕಾಗ ಹೇಳು."

ಸಿದ್ದಲಿಂಗೇಶ ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದ. ಅದು ನಿಂತು ಆ ನಗೆ ಕೇಳಿದಾಗ ಈ ಸಲ ಕೂಗಲಿಲ್ಲ. ಗೆಳೆಯನ ಮೊಣಕಾಲನ್ನು ಮೆಲ್ಲಗೆ ತಟ್ಟಿದ.